ಶನಿವಾರದ ಶಿಸ್ತು ಸಮಿತಿ

ಕಾಲೇಜಿನಲ್ಲಿ ಶಿಸ್ತು ಸಮಿತಿ ಅಂತ ಒಂದಿದ್ದರೆ ಸಾಕು, ಅದಕ್ಕೆ ಬೇಕಾದ ತಪ್ಪುಗಳನ್ನು ಮಕ್ಕಳು ಹೇಗಾದರೂ ಒದಗಿಸಿಬಿಡುತ್ತಾರೆ. ಕೊಳ್ಳೇಗಾಲದ ನಮ್ಮ ಕಾಲೇಜಿನಲ್ಲಿ ಶನಿವಾರ ಮಧ್ಯಾಹ್ನ ವಿಚಾರಣೆ. ಪ್ರಿನ್ಸಿಪಾಲರು ಅಧ್ಯಕ್ಷರು, ನಾನು ಸದಸ್ಯ. ಈಗ ನಿವೃತ್ತನಾಗಿ ಮೈಸೂರಿನಲ್ಲಿದ್ದೇನೆ. ಶನಿವಾರ ಬಂತೆಂದರೆ ಆ ಕೋಣೆ ನೆನಪಾಗಿ ಜೀವ ಹಿಂಡುತ್ತದೆ.

೧. ಬೆಂಚು

ಒಬ್ಬ ಹುಡುಗ ಕೈವಾರದ ಮೊನೆಯಿಂದ ಬೆಂಚಿನ ಉದ್ದಕ್ಕೂ ನವಿಲು ಕೆತ್ತಿದ್ದ. ಸಾಕ್ಷಿಗೆಂದು ಬೆಂಚನ್ನೇ ಹೊರಿಸಿ ತಂದು, ಅಪ್ಪನನ್ನು ಕರೆಸಿದೆವು. ಅಪ್ಪ ರೇಷ್ಮೆ ಸೀರೆ ನೇಯುವವರು. ಕನ್ನಡಕ ಹಾಕಿಕೊಂಡು ನವಿಲುಗಳ ಮೇಲೆ ಬೆರಳಾಡಿಸಿದರು. ಮುಖ ಕೆಂಪಾಯಿತು.

"ಲೇ, ಇಲ್ಲಿ ಇಷ್ಟು ನೀಟಾಗಿ ಬುಡಿಸೋನು ಮನೇಲಿ ಮಗ್ಗದ ತಾವ ಯಾಕ್ಲಾ ಕೂರಲ್ಲ?"

ಅಪ್ಪ ನಮ್ಮತ್ತ ತಿರುಗಿ ಕೈ ಮುಗಿದರು.

"ಸಾ, ಒಂದ್ ವಾರ ಈ ಬೆಂಚ ಮನೇಗೆ ತಕಂಡೋಗ್ಲಾ? ಸೀರೆ ಅಂಚಿಗೆ ಬೋ ಚೆನ್ನಾಗಿ ಕೂರ್ತದೆ."

ಪ್ರಿನ್ಸಿಪಾಲರು ಗಂಭೀರವಾಗಿ ಹೇಳಿದರು: "ಬೆಂಚು ಕೊಡೋಕಾಗಲ್ಲ. ಸೀರೆ ಆದಾಗ ಮಾತ್ರ ತಿಳಿಸಿ, ನಮ್ಮ ಮನೆಯವರು ನೋಡ್ತಾರೆ."

೨. ಜಡೆ

ತಪ್ಪು ಮಾಡಿದವರು ತಪ್ಪೊಪ್ಪಿಗೆ ಬರೆದು ತಂದು ನಮ್ಮೆದುರು ಗಟ್ಟಿಯಾಗಿ ಓದಬೇಕು, ಅದು ಪದ್ಧತಿ. ಕಿಟಕಿ ಗಾಜು ಒಡೆದಿದ್ದ ಸತ್ತೇಗಾಲದ ಹುಡುಗ ನಿಂತು ಓದತೊಡಗಿದ.

"ಬಸ್ಸು ತಪ್ಪೀತೆಂಬ ಆತುರದಲ್ಲಿ ಓಡುವಾಗ ನನ್ನ ಉದ್ದ ಜಡೆ ಬಾಗಿಲಿಗೆ ಸಿಕ್ಕಿ..."

ಅಲ್ಲಿಗೆ ಗಕ್ಕನೆ ಓದು ನಿಲ್ಲಿಸಿದ. ಪ್ರಿನ್ಸಿಪಾಲರು ಕನ್ನಡಕ ಏರಿಸಿದರು.

"ಯಾರ ಜಡೆ?"

ಹುಡುಗ ತನ್ನ ಬೋಳಿಸಿದಂತಿದ್ದ ತಲೆ ಸವರಿಕೊಂಡ.

"ನಂದೇಯ ಸಾ. ನೆನ್ನೆ ಕಟಿಂಗ್ ಮಾಡಿಸ್ಬುಟ್ಟೆ."

೩. ತಪ್ಪೊಪ್ಪಿಗೆ

ಯಾರೋ ಹುಡುಗಿಗೆಂದು ಬರೆದ ಕಾಗದ ಅದಲುಬದಲಾಗಿ ಆ ಹುಡುಗನ ಕೈ ಸೇರಿತ್ತು. ಹಳೆಯ ಫೈಲು ತೆಗೆದರೆ ಅರ್ಧಕ್ಕರ್ಧ ತಪ್ಪೊಪ್ಪಿಗೆಗಳ ಅಕ್ಷರ ಒಂದೇ! ಬರೆದವಳು ಯಳಂದೂರು ಕಡೆಯ ಅಗರದ ಹುಡುಗಿ, ಕೊನೆಯ ವರ್ಷದವಳು. ಮುಂದಿನ ಶನಿವಾರ ಅವಳ ವಿಚಾರಣೆ. ಪ್ರಿನ್ಸಿಪಾಲರು ಗದರಿದರು:

"ಯಾರ್ಯಾರಿಗೆ ಬರೆದುಕೊಟ್ಟೆ, ಎಲ್ಲರ ಹೆಸರೂ ಹೇಳು. ಇಲ್ಲದಿದ್ರೆ ಟಿ.ಸಿ. ತಗೊಂಡು ಹೋಗು."

"ಟಿ.ಸಿ. ಒಂದ ಕೊಡಬ್ಯಾಡಿ ಸಾ. ಇನ್ನೊಂದೇ ಸೆಮಿಸ್ಟರ್ ಅದೆ, ಬಿ.ಎಡ್. ಮಾಡ್ಬೇಕು ನಾನು." ಅವಳ ಕಣ್ಣು ತುಂಬಿತ್ತು. "ಆದ್ರೆ ಹೆಸ್ರು ಯೋಳಕಿಲ್ಲ."

ಹೇಳುತ್ತಾ ಒಂದೇ ಒಂದು ಸಲ ನನ್ನತ್ತ ನೋಡಿದಳು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಅದರ ಹಿಂದಿನ ತಿಂಗಳು ಬೆಳಿಗ್ಗೆ ಏಳದೆ ಬಸ್ಸು ತಪ್ಪಿಸಿಕೊಂಡು ಮೂರು ದಿನ ತಡವಾಗಿ ಬಂದೆನೆಂದು ಪ್ರಿನ್ಸಿಪಾಲರು ನನಗೂ ಒಂದು ಮೆಮೊ ಕೊಟ್ಟಿದ್ದರು. ನನ್ನ ಉತ್ತರ ಓದಿ, "ಮೇಷ್ಟ್ರೇ, ಕಣ್ಣು ಒದ್ದೆಯಾಯ್ತು ಕಣ್ರಿ" ಅಂದಿದ್ದರು.

ಜವಾನ ಟಿ.ಸಿ. ಪುಸ್ತಕ ತಂದಿಟ್ಟ. ಪ್ರಿನ್ಸಿಪಾಲರು ಪೆನ್ನಿನ ಕ್ಯಾಪು ತೆಗೆದರು. ನಾನು ಎದ್ದು ನಿಂತೆ.

"ಸಾರ್, ನನ್ನ ಉತ್ತರವನ್ನೂ ಇವಳೇ ಬರೆದದ್ದು."

ಪ್ರಿನ್ಸಿಪಾಲರು ಪೆನ್ನಿಗೆ ಕ್ಯಾಪು ಹಾಕಿ, ಬಿಳಿ ಹಾಳೆಯೊಂದನ್ನು ನನ್ನ ಮುಂದೆ ತಳ್ಳಿದರು. "ಟಿ.ಸಿ. ಬೇಡ. ಮೇಷ್ಟ್ರು ಆ ಮೆಮೊ ಉತ್ತರಾನ ಈಗ ಇಲ್ಲೇ ಕೂತು ಸ್ವಂತವಾಗಿ ಬರೀಲಿ. ಸರಿಯಾಗಿದೆಯೋ ಇಲ್ಲವೋ ಅಂತ ನೀನು ನೋಡಮ್ಮಾ."

ನಿವೃತ್ತನಾದ ಮೇಲೆ ಈಗ ನಾನು ಬೆಳಿಗ್ಗೆ ಯಾವಾಗ ಎದ್ದರೂ ಕೇಳುವವರಿಲ್ಲ. ಕೊಳ್ಳೇಗಾಲದ ಬಸ್ಸು ಕಂಡಾಗೆಲ್ಲ ಹತ್ತಿ ಹೋಗಿ, ತಪ್ಪಿತಸ್ಥನಾಗಿಯಾದರೂ ಸರಿ, ಆ ಮೇಜಿನ ಮುಂದೆ ಇನ್ನೊಮ್ಮೆ ಕೂರಬೇಕು ಅನ್ನಿಸುತ್ತದೆ.

ಅವತ್ತು ಬೆವರೊರೆಸಿಕೊಳ್ಳುತ್ತಾ ಒಂದು ಪುಟ ಬರೆದುಕೊಟ್ಟೆ. ಹುಡುಗಿ ಕಣ್ಣೊರೆಸಿಕೊಂಡು ಎರಡು ಸಲ ಓದಿದಳು. ಆಮೇಲೆ ಬಹಳ ಸಂಕೋಚದಿಂದ ಹಾಳೆಯನ್ನು ನನಗೇ ವಾಪಸ್ ಕೊಟ್ಟಳು.

"ಬೇಜಾರ್ ಮಾಡ್ಕಬ್ಯಾಡಿ ಸಾ. ಇದ್ನ ಓದುದ್ರೆ ತಪ್ಪೆಲ್ಲ ಬಸ್ಸಿಂದೇಯ ಅನ್ನಿಸ್ತದೆ. ಇನ್ನೊಂದ್ ಸಲ ಬರೀರಿ."