ಮೇಲ್ವಿಚಾರಕರ ಕುಂಕುಮದ ಬೊಟ್ಟು

ನಾನು ಎಸ್ಸೆಸ್ಸೆಲ್ಸಿ ಪಾಸು. ಅದೂ ಒಂದೇ ಸಲಕ್ಕೆ. ಹಾಗಾಗಿ ಮೊಮ್ಮಗಳು ಚೈತ್ರಾಳ ಶಾಲೆಯವರು ‘ಮನೆಯಲ್ಲೇ ಪಾಠ’ ಎಂಬ ಏರ್ಪಾಡು ಮಾಡಿ, ಪ್ರತಿ ಮನೆಯಲ್ಲೂ ಒಬ್ಬ ಹಿರಿಯರು ಮೇಲ್ವಿಚಾರಕರಾಗಿ ಕೂರಬೇಕು ಎಂದು ತಿಳಿಸಿದಾಗ, ಇಡೀ ಕೆಂಪಾಪುರದಲ್ಲಿ ಆ ಹುದ್ದೆಗೆ ನನಗಿಂತ ಯೋಗ್ಯರು ಇಲ್ಲವೆಂದು ನನಗೆ ಖಾತ್ರಿಯಿತ್ತು. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದವನು ನಾನೊಬ್ಬನೇ ಎಂಬುದು ಬೇರೆ ಮಾತು.

ಆಗಿದ್ದು ಇಷ್ಟು. ಆ ವರ್ಷದ ಮಳೆಗೆ ಶಾಲೆಯ ಹಿಂದಿನ ರಾಜಕಾಲುವೆ ಉಕ್ಕಿ ಕೆಳಗಿನ ಕೊಠಡಿಗಳಿಗೆಲ್ಲ ನೀರು ನುಗ್ಗಿತು. ಎರಡು ವಾರ ಮಕ್ಕಳು ಬರುವುದು ಬೇಡ ಎಂದರು. ಆದರೆ ಪಾಠ ನಿಲ್ಲಬಾರದಲ್ಲ! ಬೆಳಿಗ್ಗೆ ಒಂಬತ್ತಕ್ಕೆ ಅವಳ ಟೀಚರ್ ಸುಮಿತ್ರಾ ಮಿಸ್ ಹೇಳಿಕೊಡುವ ಪಾಠದ ವಿಡಿಯೋ ಬರುತ್ತದೆ. ಹತ್ತಕ್ಕೆ ಆರಾರು ಮಕ್ಕಳನ್ನು ಸೇರಿಸಿ ವಿಡಿಯೋ ಕಾಲ್ ಮಾಡುತ್ತಾರೆ. ಮುಖ ಕಂಡರೆ ಹಾಜರಿ, ಕಾಣದಿದ್ದರೆ ಗೈರು. ‘ಮಗು ನನ್ನ ಕಣ್ಣೆದುರೇ ಪಾಠ ಕೇಳಿತು’ ಎಂದು ಮೇಲ್ವಿಚಾರಕರು ದಿನವೂ ಒಂದು ಕಾರ್ಡಿಗೆ ಸಹಿ ಹಾಕಬೇಕು. ಎರಡು ವಾರವೂ ತಪ್ಪದೆ ಹಾಜರಾದವರ ಮಾದರಿಗಳನ್ನು ಮಾತ್ರ ಯಲಹಂಕದಲ್ಲಿ ನಡೆಯುವ ವಿಜ್ಞಾನ ಪ್ರದರ್ಶನಕ್ಕೆ ಕಳಿಸುತ್ತಾರೆ.

ಏಳನೇ ಕ್ಲಾಸಿನ ಚೈತ್ರಾ ಅದಕ್ಕಾಗಿ ಒಂದು ತಿಂಗಳಿಂದ ಒದ್ದಾಡುತ್ತಿದ್ದಳು. ನೀರಿನ ಬಾಟಲಿಗಳನ್ನು ಕತ್ತರಿಸಿ, ಮರಳು, ಜಲ್ಲಿ, ಇದ್ದಿಲು ತುಂಬಿ, ಮೇಲೆ ಕೊಳೆನೀರು ಹಾಕಿದರೆ ಕೆಳಗೆ ತಿಳಿನೀರು ಬರುವಂತೆ ಮಾಡಿದ್ದಳು. ನಮ್ಮ ತುಳಸಿ ಕುಂಡದ ಅರ್ಧ ಮರಳು ಅದರೊಳಗೇ ಇತ್ತು.

ನನಗೆ ಹುಟ್ಟಿನಿಂದ ಒಂದು ಕಾಯಿಲೆ. ಅನುಮಾನ! ಹಾಲಿನವನ ಮೇಲೆ, ಕರೆಂಟ್ ಮೀಟರಿನ ಮೇಲೆ, ಹವಾಮಾನ ವರದಿಯ ಮೇಲೆ. ಈಗ ಶಾಲೆಯ ಮೇಲೆ. ನೀರು ನುಗ್ಗಿದೆ ಎನ್ನುವುದು ನಿಜವೋ ಕಟ್ಟುಕಥೆಯೋ? ಪರೀಕ್ಷಿಸಲು ನಾನೇ ನಡೆದುಕೊಂಡು ಹೋದೆ. ನೀರು ಮೊಣಕಾಲುದ್ದ ಇತ್ತು. ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದೆ.

ಆದರೂ ಅನುಮಾನ ಹೋಗಲಿಲ್ಲ. ಅದಕ್ಕೆ ಗೊಬ್ಬರ ಹಾಕಿದವನು ಪಕ್ಕದ ಮನೆಯ ಮುನಿಶಾಮಪ್ಪ. ಸೊಸೆ ಶೋಭಾ ಪಾಠಕ್ಕೆಂದು ತಂದಿದ್ದ ಹೊಸ ಟ್ಯಾಬನ್ನು ಅವನು ತಿರುಗಿಸಿ ತಿರುಗಿಸಿ ನೋಡಿದ.

“ರಾಮಯ್ಯಣ್ಣ, ಇಲ್ಲಿ ಮೇಲ್ಗಡೆ ಸಣ್ಣ ಚುಕ್ಕಿ ಐತಲ್ಲ, ಏನಂದ್ಕೊಂಡೆ ಇದ್ನ?”

“ಕ್ಯಾಮೆರಾ.”

“ಕ್ಯಾಮೆರಾ ಅಲ್ಲ ಕಣಣ್ಣ, ಕಣ್ಣು! ಸ್ಕೂಲ್‌ನೋರು ಅಲ್ ಕೂತ್ಕೊಂಡು ಇಲ್ಲಿ ನಿನ್ ಮನೇನೆಲ್ಲ ನೋಡ್ತಾರೆ. ಫ್ರಿಜ್ಜು ಎಷ್ಟು ದೊಡ್ದು, ಟೀವಿ ಎಷ್ಟು ಅಗಲ. ಮುಂದಿನ್ ವರ್ಸ ಫೀಸು ಇಂಗೇ ಏರ್ತದೆ ನೋಡ್ತಿರು!”

ಅವನು ಹೋದ ಮೇಲೆ ನಾನು ನಮ್ಮ ಫ್ರಿಜ್ಜನ್ನು ನೋಡಿದೆ. ಎರಡು ಬಾಗಿಲಿನದು!

ನಮ್ಮಲ್ಲಿ ಯಾವ ಹೊಸ ಯಂತ್ರ ಬಂದರೂ ಪೂಜೆ ಮಾಡುವುದು ಪದ್ಧತಿ. ಸ್ಕೂಟರಿಗೂ ಸೈ, ಮಿಕ್ಸಿಗೂ ಸೈ. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ಟ್ಯಾಬನ್ನು ಮಣೆಯ ಮೇಲೆ ಕೂರಿಸಿ, ಮೂರು ಪಟ್ಟೆ ವಿಭೂತಿ ಎಳೆದು, ಹೂವು ಏರಿಸಿ, ನಿಂಬೆಹಣ್ಣು ಕೈಗೆತ್ತಿಕೊಂಡೆ.

“ರೀ, ಅದನ್ನ ಯಾವ ಚಕ್ರದ ಕೆಳಗೆ ಇಡ್ತೀರಿ?” ಎಂದಳು ನನ್ನ ಹೆಂಡತಿ ಜಯಮ್ಮ.

ನಿಂಬೆಹಣ್ಣನ್ನು ಕೈಬಿಟ್ಟೆ. ಕೊನೆಗೆ ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿ ಒಂದು ಬೊಟ್ಟಿಟ್ಟೆ. ಎಲ್ಲಿ? ಸರಿಯಾಗಿ ಆ ಕಣ್ಣಿನ ಮೇಲೆ! ಪೂಜೆ ಬರೀ ನೆಪ, ಬೊಟ್ಟೇ ಉದ್ದೇಶ. ಇದನ್ನು ನಾನು ಯಾರಿಗೂ ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಮುಂದೆ ಹೇಳಬೇಕಾಗಿ ಬಂತು.

ಮನೆ ಕಾಣಬಾರದು, ಮೊಮ್ಮಗಳು ಕಾಣಬೇಕು ಎಂಬುದು ನನ್ನ ಯೋಜನೆ. ಒಂದೇ ಬೊಟ್ಟಿನಿಂದ ಇವೆರಡೂ ಆಗುವುದಿಲ್ಲ ಎಂದು ಎಸ್ಸೆಸ್ಸೆಲ್ಸಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ಹತ್ತು ಗಂಟೆಗೆ ಸುಮಿತ್ರಾ ಮಿಸ್ ಕಾಲ್ ಬಂತು. “ಚೈತ್ರಾ, ಎಲ್ಲಿದೀಯಮ್ಮ? ಬರೀ ಕೆಂಪಗೆ ಕಾಣ್ತಿದೆ.”

“ಇಲ್ಲೇ ಇದೀನಿ ಮಿಸ್!”

“ಮುಖ ಕಾಣ್ಬೇಕು ಕಣಮ್ಮ. ಎಲ್ಲರಿಗೂ ಒಂದೇ ರೂಲ್ಸು.”

ಚೈತ್ರಾ ಬೊಟ್ಟಿನ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. “ತಾತ, ಇದನ್ನ ಒರೆಸ್ಲಾ?”

“ದೇವರ ಕುಂಕುಮ ಒರೆಸೋದಾ!” ಎಂದು ಅಬ್ಬರಿಸಿದೆ. ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಮೊದಲ ದಿನ ಗೈರು.

ನನ್ನ ತಪ್ಪು ನನಗೆ ಆಗಲೇ ಹೊಳೆಯಿತು. ಆದರೆ ಅಬ್ಬರಿಸಿದ ಮೇಲೆ ಇಳಿಯುವುದು ಹೇಗೆ? ಸಂಜೆ ಸೊಸೆ, “ಮಾವ, ಪಾಠ ಆಯ್ತಾ?” ಎಂದಳು. “ಭರ್ಜರಿಯಾಗಿ!” ಎಂದೆ. ಕಾರ್ಡಿಗೆ ದೊಡ್ಡದಾಗಿ ಸಹಿಯನ್ನೂ ಹಾಕಿದೆ. ಎರಡನೇ ದಿನ, “ನೆಟ್‌ವರ್ಕ್ ಪ್ರಾಬ್ಲಂ” ಎಂದೆ. ಹಾಗೆಂದರೆ ಏನೆಂದು ಇಂದಿಗೂ ನನಗೆ ಗೊತ್ತಿಲ್ಲ. ಮೂರನೇ ದಿನ ಮಧ್ಯಾಹ್ನ ಸೊಸೆಯ ಫೋನ್ ಬಂತು. ಶಾಲೆಯಿಂದ ಅವಳಿಗೆ ಸಂದೇಶ ಹೋಗಿತ್ತು: ಮಗು ಮೂರು ದಿನ ಗೈರು, ಮಾದರಿಯನ್ನು ಕಳಿಸಲಾಗುವುದಿಲ್ಲ.

“ಪಿತೂರಿ!” ಎಂದು ಎದ್ದು ನಿಂತೆ. “ನಾನೇ ಹೋಗಿ ವಿಚಾರಿಸ್ತೀನಿ.”

“ಮೊದಲು ಆ ಬೊಟ್ಟು ಒರೆಸಿ ನೋಡ್ರೀ,” ಎಂದಳು ಜಯಮ್ಮ.

“ನಿಂಗೆ ಟೆಕ್ನಾಲಜಿ ಗೊತ್ತಾಗಲ್ಲ, ಸುಮ್ನಿರು.”

“ನಂಗೆ ಗೊತ್ತಾಗಲ್ಲ ಬಿಡಿ. ಕನ್ನಡಕಕ್ಕೆ ಕುಂಕುಮ ಮೆತ್ಕೊಂಡು ಪೇಪರ್ ಓದಿ, ನಿಮಗೆ ಗೊತ್ತಾಗತ್ತೆ.”

ಜೋರಾಗಿ ಬಾಗಿಲು ಹಾಕಿಕೊಂಡು ಹೊರಟೆ. ಚೈತ್ರಾ ಟ್ಯಾಬ್ ಹಿಡಿದು ಹಿಂದೆ ಬಂದಳು.

ಮಿಸ್ ಶಾಲೆಯ ಮೇಲಿನ ಮಹಡಿಯಲ್ಲಿ ಕೂತಿದ್ದರು. ಕೆಳಗೆ ಪಂಪು ಬಡಬಡ ಎನ್ನುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು, “ನಮ್ಮ ಮಗುವಿಗೆ ಆಗಿರುವ ಅನ್ಯಾಯದ ಬಗ್ಗೆ ನಾನು...” ಎಂದು ಶುರು ಮಾಡಿದೆ. ಅವರು ಟ್ಯಾಬ್ ಇಸಕೊಂಡರು. ಮೂರು ದಿನದ ಎಣ್ಣೆಕುಂಕುಮ ಅಲ್ಲೇ ಮೆತ್ತಿಕೊಂಡಿತ್ತು. ಅವರು ನನ್ನನ್ನು ನೋಡಲಿಲ್ಲ, ಚೈತ್ರಾಳನ್ನು ನೋಡಿದರು.

“ಕ್ಲಾಸಿಗೆ ಕೂರೋಕೆ ಬೇಜಾರಾಗಿ ಕ್ಯಾಮೆರಾ ಮುಚ್ಚಿಟ್ಟಿದ್ಯಾ? ಎಷ್ಟೋ ಮಕ್ಕಳು ಹೀಗ್ ಮಾಡ್ತಿದಾರೆ. ನೀನೂನಾ ಚೈತ್ರಾ? ನಿನ್ನಿಂದ ಇದನ್ನ ನಾನು ನಿರೀಕ್ಷಿಸಿರಲಿಲ್ಲ.”

ಚೈತ್ರಾ ತಲೆ ತಗ್ಗಿಸಿದಳು. ಕಣ್ಣು ತುಂಬಿತು. ‘ನಾನಲ್ಲ, ತಾತ’ ಎನ್ನಲು ಎರಡೇ ಮಾತು ಸಾಕಿತ್ತು. ಹುಡುಗಿ ಬಾಯಿ ಬಿಡಲಿಲ್ಲ. ನನ್ನ ಮಾನ ಉಳಿಸಲು ತನ್ನ ಒಂದು ತಿಂಗಳ ಕೆಲಸವನ್ನು ಕಳೆದುಕೊಳ್ಳುತ್ತಾ ನಿಂತಿದ್ದಳು.

ನಾನು ಜೀವನದಲ್ಲಿ ಎಲ್ಲರ ಮೇಲೂ ಅನುಮಾನಪಟ್ಟಿದ್ದೆ. ನನ್ನ ದೆಸೆಯಿಂದ ಇನ್ನೊಬ್ಬರ ಮೇಲೆ ಅನುಮಾನ ಬೀಳುವುದನ್ನು ನೋಡಿದ್ದು ಅದೇ ಮೊದಲು.

“ಮಿಸ್,” ಎಂದೆ. “ಬೊಟ್ಟಿಟ್ಟಿದ್ದು ನಾನು. ಒರೆಸಬೇಡ ಅಂದಿದ್ದೂ ನಾನು. ನೀವು ನಮ್ಮ ಫ್ರಿಜ್ಜು ನೋಡ್ಬಿಡ್ತೀರ ಅಂತ...”

“ಫ್ರಿಜ್ಜಾ?”

ಎಲ್ಲವನ್ನೂ ಹೇಳಿದೆ. ಮುನಿಶಾಮಪ್ಪ, ಫೀಸು, ನಿಂಬೆಹಣ್ಣು, ಸುಳ್ಳು ಸಹಿ, ಒಂದನ್ನೂ ಬಿಡಲಿಲ್ಲ. ಮಿಸ್ ನಗು ತಡೆಯಲು ಹಾಜರಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು. ಪುಸ್ತಕ ನಡುಗುತ್ತಿತ್ತು. ಆಮೇಲೆ ಅದನ್ನು ಇಳಿಸಿ, ಮೂರು ಗೈರನ್ನೂ ಹೊಡೆದು ಹಾಕಿ, ಹಾಜರಿ ಎಂದು ಬರೆದರು. ಚೈತ್ರಾಳ ತಲೆ ಸವರಿ, “ಸಾರಿ ಕಣಮ್ಮ,” ಎಂದರು. ನನಗೂ ಸವರುತ್ತಾರೆಂದು ಕಾದೆ.

“ತಾತ, ಕಾರ್ಡಲ್ಲಿರೋ ನಿಮ್ಮ ಸಹಿ ಇನ್ಮೇಲೆ ನಂಬೋದು ಹೇಗೆ?” ಎಂದರು.

ಶಾಲೆಗೇ ನನ್ನ ಮೇಲೆ ಅನುಮಾನ! ತೀರ್ಪು ಅಲ್ಲೇ ಆಯಿತು. ಮೇಲ್ವಿಚಾರಕ ಹುದ್ದೆ ಜಯಮ್ಮನಿಗೆ. ನಾಲ್ಕನೇ ಕ್ಲಾಸು ಓದಿದವಳು! ಉಳಿದ ದಿನಗಳಲ್ಲಿ ನಾನು ಮೊಮ್ಮಗಳ ಪಕ್ಕ, ಕ್ಯಾಮೆರಾಕ್ಕೆ ಕಾಣುವಂತೆ ಕೂತು ಪೂರ್ತಿ ಪಾಠ ಕೇಳಬೇಕು.

ದಾರಿಯಲ್ಲಿ ಚೈತ್ರಾಳನ್ನು ಕೇಳಿದೆ: “ಯಾಕೆ ಮಗಾ ನನ್ನ ಹೆಸರು ಹೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂತ ಗೊತ್ತಿತ್ತು ತಾತ.” ಎರಡು ಹೆಜ್ಜೆ ಹಾಕಿ, “ಸ್ವಲ್ಪ ಲೇಟ್ ಮಾಡ್ದೆ,” ಎಂದಳು.

ಮರುದಿನದಿಂದ ಮಿಸ್ ಆರು ಹೆಸರು ಕೂಗಿದ ಮೇಲೆ ಏಳನೆಯದನ್ನೂ ಕೂಗತೊಡಗಿದರು. “ರಾಮಯ್ಯ ತಾತ?” ನಾನು ಕೈಕಟ್ಟಿಕೊಂಡು, “ಹಾಜರ್ ಮಿಸ್,” ಎನ್ನುತ್ತಿದ್ದೆ. ಹಿಂದೆ ನಮ್ಮ ಎರಡು ಬಾಗಿಲಿನ ಫ್ರಿಜ್ಜು ಊರಿಗೆಲ್ಲ ಕಾಣುತ್ತಿತ್ತು. ಯಾರೂ ಅದನ್ನು ನೋಡಲಿಲ್ಲ. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು.

ಎರಡು ವಾರ ಮುಗಿದು ಚೈತ್ರಾಳ ಬಾಟಲಿಗಳು ಯಲಹಂಕಕ್ಕೆ ಹೋದವು. ನಾವೂ ಹೋಗಿ ನೋಡಿಬಂದೆವು. ಅವಳು ಕೊಳೆನೀರು ಸುರಿದಾಗಲೆಲ್ಲ ಕೆಳಗೆ ತಿಳಿನೀರು ಬಂತು. ನಾನು ಅನುಮಾನಪಡಲಿಲ್ಲ.

ಮೇಲ್ವಿಚಾರಕರ ಆ ಕಾರ್ಡು ಮಾತ್ರ ಈಗಲೂ ಜಯಮ್ಮನ ಟ್ರಂಕಿನಲ್ಲಿದೆ. ಅವಳ ಗುಂಡಗುಂಡಗಿನ ಅಕ್ಷರ, ಕೆಳಗೆ ಅವಳದೇ ಸಹಿ: ‘ಮಗು ಎಲ್ಲಾ ದಿನ ಪಾಠ ಕೇಳಿತು. ತಾತ ಎರಡು ದಿನ ನಿದ್ದೆ ಹೋದರು.’