ಎಳೆಯುವುದು ಬೇರೆ, ಹೊರುವುದು ಬೇರೆ

ಗಣಿತದ ಮೇಷ್ಟ್ರುಗಳಿಗೆ ಊರಿನ ಜನ ಮಾಡುವ ದೊಡ್ಡ ಅನ್ಯಾಯವೆಂದರೆ, ಅವರಿಗೆ ಲೆಕ್ಕ ಬರುತ್ತದೆ ಎಂದು ನಂಬಿಬಿಡುವುದು. ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ಕಟ್ಟುವವರು ಎಷ್ಟು ಇಟ್ಟಿಗೆ ಬೇಕು ಎಂದು ನನ್ನನ್ನು ಕೇಳುತ್ತಿದ್ದರು, ಮದುವೆ ಮಾಡುವವರು ಎಷ್ಟು ಸೇರು ಅಕ್ಕಿ ಎಂದು ಕೇಳುತ್ತಿದ್ದರು. ಒಂದು ಮದುವೆಯಲ್ಲಿ ನನ್ನ ಲೆಕ್ಕದ ಪ್ರಕಾರ ಮಾಡಿಸಿದ ಪಾಯಸ ಮೂರು ದಿನ ಉಳಿದು, ಕೊನೆಗೆ ಬೀದಿಯ ನಾಯಿಗಳೂ ಮುಖ ತಿರುಗಿಸಿದವು. ಆದರೂ ನನ್ನ ಹೆಸರಿಗೆ ಕುಂದು ಬರಲಿಲ್ಲ. ತಪ್ಪಿದ್ದು ಅಡುಗೆಯವನ ಕೈ ಎಂದು ಎಲ್ಲರೂ ತೀರ್ಮಾನಿಸಿದರು. ನಾನೂ ಅದನ್ನು ಅಲ್ಲಗಳೆಯಲಿಲ್ಲ. ಈಗ ಹೇಳಹೊರಟಿರುವುದು ಪಾಯಸದ ವಿಷಯವಲ್ಲ. ನಗುತ್ತ ಶುರುಮಾಡಿದ್ದೇನೆ ನಿಜ, ಎಲ್ಲಿಯವರೆಗೆ ನಗಬಲ್ಲೆನೋ ನನಗೇ ಗೊತ್ತಿಲ್ಲ.

ನನ್ನ ಅಕ್ಕನ ಗಂಡ ಚನ್ನಬಸಪ್ಪನವರ ಹತ್ತಿರ ಒಂದು ಕಂಪ್ರೆಸರ್ ಇತ್ತು. ನಮ್ಮ ಸೀಮೆಯಲ್ಲಿ ಬಾವಿ ತೋಡಿದರೆ ಹತ್ತಡಿಗೆ ಬಂಡೆ ಸಿಗುತ್ತದೆ. ಆ ಬಂಡೆಗೆ ತೂತು ಕೊರೆಯಲು ಗಾಳಿ ಒದಗಿಸುವ ಯಂತ್ರ ಅದು. ಎರಡು ಗಾಲಿಯ ಮೇಲೆ ಕೂತ, ಎಳೆಯುವ ಗಾಡಿಯ ಹಿಂಭಾಗಕ್ಕೆ ಸಿಕ್ಕಿಸಲು ಮುಂದಕ್ಕೆ ಕಬ್ಬಿಣದ ಮೂತಿ ಚಾಚಿದ ದೊಡ್ಡ ಪೆಟ್ಟಿಗೆ. ಅದನ್ನು ಊರಿಂದೂರಿಗೆ ಎಳೆದೊಯ್ಯಲು ಭಾವ ಬಾಡಿಗೆಯ ಟ್ರ್ಯಾಕ್ಟರ್ ನಂಬಿಕೊಂಡಿದ್ದರು. ಟ್ರ್ಯಾಕ್ಟರಿನವನು ಯಾವಾಗ ಕೇಳಿದರೂ ‘ನಾಳೆ’ ಎನ್ನುತ್ತಿದ್ದ. ಆ ನಾಳೆಗಳು ತಿಂಗಳಾದ ಮೇಲೆ ಭಾವ ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕೂತರು.

“ಏನಪ್ಪ, ನಮ್ದೇ ಒಂದು ಗಾಡಿ ತಗಳ್ಳಾಣ ಅಂತ ಮಾಡೀನಿ. ಹೊಸದುರ್ಗದಾಗೆ ಒಂದು ಹಳೇ ಲಾರಿ ಐತೆ, ಹಿರಿಯೂರಿನಾಗೆ ಒಂದು ಪಿಕಪ್ ಐತೆ. ಯಾವುದು ಅಂತ ನೀನು ಲೆಕ್ಕ ಹಾಕಿ ಹೇಳು.”

ಲಾರಿಯನ್ನು ಮೊದಲು ನೋಡಿದೆವು. ಅದಕ್ಕೆ ಒಂದೇ ಕಣ್ಣು, ಬಾಗಿಲಿಗೆ ಹಗ್ಗ, ಸ್ಟಾರ್ಟ್ ಮಾಡಿದರೆ ಮುದುಕ ಬೆಳಿಗ್ಗೆ ಎದ್ದು ಕೆಮ್ಮಿದ ಹಾಗೆ ಸದ್ದು. ಹಿರಿಯೂರಿನ ಪಿಕಪ್ ಮಿಲಿಟರಿಯವರು ಹರಾಜು ಹಾಕಿದ್ದು. ಮುಂದೆ ಜೀಪಿನ ಮುಖ, ಹಿಂದೆ ತೆರೆದ ತೊಟ್ಟಿ, ಹೊಸದಾಗಿ ಬಳಿದ ನೀಲಿ ಬಣ್ಣ. ಕಂಡ ಕೂಡಲೇ ನನ್ನ ಮನಸ್ಸು ಅದಕ್ಕೆ ಸೋತಿತು. ಅದರ ಒಳಗೆ ಒಂದು ತಗಡಿನ ಪಟ್ಟಿ ಇತ್ತು. ಅದರಲ್ಲಿ ಎರಡು ಅಂಕಿಗಳು: ಈ ಗಾಡಿ ಎಷ್ಟು ಎಳೆಯಬಲ್ಲದು, ಎಷ್ಟು ಹೊರಬಲ್ಲದು. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕಂಪ್ರೆಸರಿನ ತೂಕ ಮೊದಲನೆಯ ಅಂಕಿಗಿಂತ ಕಡಿಮೆ ಇತ್ತು. ಅಲ್ಲಿಗೆ ಲೆಕ್ಕ ಮುಗಿಯಿತು. ಎರಡನೆಯ ಅಂಕಿ ಏಳೂವರೆ ಕ್ವಿಂಟಲ್. ಅದರ ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದೆ. ಎಳೆದು, ಮರೆತೆ.

ಮರೆಯದಂತೆ ನೆನಪಿಸಿದವರು ಇರಲಿಲ್ಲ ಎನ್ನುವ ಹಾಗಿಲ್ಲ. ಚಿತ್ರದುರ್ಗದಲ್ಲಿ ಭಾವನ ಪರಿಚಯದ ಮೆಕ್ಯಾನಿಕ್ ಬಾಷಾ ಸಾಬರು ಗಾಡಿಯ ಕೆಳಗೆ ಮಲಗಿ ನೋಡಿ, ಎದ್ದು ಕೈ ಒರೆಸಿಕೊಳ್ಳುತ್ತ ಹೇಳಿದರು: “ಮೇಷ್ಟ್ರೇ, ಎಳೆಯೋದು ಬೇರೆ, ಹೊರೋದು ಬೇರೆ. ಕಂಪ್ರೆಸರ್‌ಗೆ ಇರೋದು ಎರಡೇ ಗಾಲಿ. ಅದರ ಮೂತಿ ಭಾರ ಈ ಗಾಡಿ ಬೆನ್ನ ಮ್ಯಾಲೆ ಕುಂದ್ರತೈತೆ. ಅದನ್ನೂ ಹೊರೋ ಲೆಕ್ಕಕ್ಕೆ ಸೇರಿಸ್ರಿ. ಆಮ್ಯಾಲೆ ಆಳುಗಳು, ಕೊರೆಯೋ ರಾಡು, ಡೀಸೆಲ್ ಪೀಪಾಯಿ. ಎಷ್ಟಾತು?”

“ಇಂಜಿನ್ ಜೋರಾಗೈತಲ್ಲ ಸಾಬ್ರೇ.”

“ಇಂಜಿನ್ ಎಳೀತೈತೆ. ಹೊರೋದು ಕೆಳಗಿನ ಕಮಾನು ಪಟ್ಟಿ, ಟೈರು.”

ಮೂತಿಯ ಭಾರ ಒಟ್ಟು ತೂಕದ ಎಷ್ಟನೆಯ ಒಂದು ಭಾಗ ಎಂದು ನಾನು ಕೇಳಿದೆ. ಸಾಬರು, “ಅದೆಲ್ಲ ನಂಗೊತ್ತಿಲ್ಲ. ಇಬ್ಬರು ಹಿಡಿದು ಎತ್ತಿದ್ರೆ ಏಳಲ್ಲ, ಅಷ್ಟು ಗೊತ್ತು” ಎಂದರು. ಭಿನ್ನರಾಶಿಯಲ್ಲಿ ಹೇಳಲಾಗದ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವವನಲ್ಲ.

ಆ ದಿನ ಅಕ್ಕನ ಮನೆಯಲ್ಲಿ ಊಟ. ನಮ್ಮ ಮಾತು ಕೇಳುತ್ತಿದ್ದ ಅಕ್ಕ ಮುದ್ದೆ ಬಡಿಸುತ್ತ, “ಗಾಡಿ ಮುಂಭಾರ ಆದ್ರೆ ಎತ್ತಿನ ಹೆಗಲು ಹೋಗ್ತೈತೆ, ಹಿಂಭಾರ ಆದ್ರೆ ನೊಗ ಮ್ಯಾಲೇಳ್ತೈತೆ ಅಂತ ಅಪ್ಪ ಹೇಳ್ತಿರ್ಲಿಲ್ವೇನೋ?” ಎಂದಳು. ಭಾವ, “ಇದು ಎತ್ತಲ್ಲ ಕಣೆ” ಎಂದರು. ನಾನು ನಕ್ಕೆ. ಮೂರನೆಯ ತರಗತಿಗೆ ಶಾಲೆ ಬಿಟ್ಟವಳು ನನ್ನ ಅಕ್ಕ. ಬಿಎಸ್ಸಿ ಮಾಡಿದವನು ನಾನು.

ಪಿಕಪ್ ಬಂತು. ತಿಪ್ಪೇಸ್ವಾಮಿ ಎಂಬ ಡ್ರೈವರ್ ಬಂದ. ಮಾತು ಕಡಿಮೆ, ಬೀಡಿ ಜಾಸ್ತಿ, ಗಾಡಿಯನ್ನು ದಿನಾ ತೊಳೆಯುವ ಆಸಾಮಿ. ಕಂಪ್ರೆಸರ್ ಕಟ್ಟಿಕೊಂಡು ಮೊದಲ ಸಲ ಹೋಗಿ ಬಂದವನು ನನಗೆ ಸಂತೆಯಲ್ಲಿ ಸಿಕ್ಕಿ, “ಮೇಷ್ಟ್ರೇ, ಸ್ಟೇರಿಂಗ್ ಹಗುರ ಆಗ್ತೈತೆ” ಎಂದ.

“ಒಳ್ಳೇದಲ್ವೇನಪ್ಪ, ಕೈ ನೋಯಲ್ಲ” ಎಂದೆ.

ಓದಿದವರು ಹೇಳಿದ ಮೇಲೆ ಇರಬಹುದು ಎಂದುಕೊಂಡನೋ ಏನೋ, ಬೀಡಿ ಹಚ್ಚಿಕೊಂಡು ಹೋದ. ಹಿಂದಿನ ಗಾಲಿಗಳ ಆಚೆ ಭಾರ ಬಿದ್ದರೆ ಮುಂದಿನ ಗಾಲಿಗಳು ನೆಲವನ್ನು ಸರಿಯಾಗಿ ಒತ್ತುವುದಿಲ್ಲ, ಒತ್ತದ ಗಾಲಿ ತಿರುಗಿಸಿದ ಕಡೆಗೆ ಹೋಗುವುದಿಲ್ಲ. ಸನ್ನೆಕೋಲಿನ ಪಾಠ. ಆ ಪಾಠವನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದೆ, ಪರೀಕ್ಷೆಯಲ್ಲಿ ತಪ್ಪು ಬರೆದವರ ಕಿವಿ ಹಿಂಡುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಹೊಸದುರ್ಗದ ಕಡೆಯ ಒಂದು ಹಳ್ಳಿಗೆ ಕೆಲಸ ಬಂತು. ರಜೆ ಇತ್ತು, ನನ್ನ ಲೆಕ್ಕ ರಸ್ತೆಯ ಮೇಲೆ ಓಡುವುದನ್ನು ನೋಡುವ ಆಸೆಯೂ ಇತ್ತು. ನಾನೂ ಹೊರಟೆ. ಆಗ ಡೀಸೆಲ್ ಎಲ್ಲಿ ಸಿಗುತ್ತದೋ ಎಲ್ಲಿ ಇಲ್ಲವೋ ಎಂದು ಭಾವ ಯಾವಾಗಲೂ ತುಂಬಿದ ಪೀಪಾಯಿಯನ್ನೇ ಒಯ್ಯುತ್ತಿದ್ದರು. ತೊಟ್ಟಿಯಲ್ಲಿ ಪೀಪಾಯಿ, ರಾಡುಗಳು, ರಬ್ಬರ್ ಪೈಪಿನ ಸುರುಳಿಗಳು, ಬಂಡೆ ಕೊರೆಯುವ ಮೂವರು ಆಳುಗಳು. ಮೂವರಲ್ಲಿ ಹಿರಿಯ ಕೆಂಚಪ್ಪ. ಕುರಿ ಕಾಯುವ ಮನೆಯವನು. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಬಾವಿಗೆ ಇಳಿದಿದ್ದ. “ಕುರಿ ಹಿಂದೆ ದಿನಾ ನಡೀಬೇಕು, ಬಂಡೆ ನಿಂತಲ್ಲೇ ನಿಂತಿರ್ತೈತೆ” ಎನ್ನುತ್ತಿದ್ದ. ಯಾವಾಗಲೂ ಮುಂದೆ, ಭಾವನ ಪಕ್ಕ ಕೂರುತ್ತಿದ್ದವನು ಅವನೇ. ಆ ದಿನ ನನ್ನನ್ನು ಕಂಡು ಕೆಳಗಿಳಿದ.

“ನೀವು ಮುಂದೆ ಕುಂತ್ಕಳ್ರಿ ಮೇಷ್ಟ್ರೇ. ಹಿಂದೆ ಧೂಳು.”

ನಾನು ಕೂತೆ. ಬೇಡ ಎಂದು ಬಾಯಿಮಾತಿಗೂ ಅನ್ನಲಿಲ್ಲ. ಮೇಷ್ಟ್ರಿಗೆ ಮುಂದಿನ ಸೀಟು ಎಂಬುದು ನನಗೆ ಸಹಜವಾಗಿ ಕಂಡಿತು.

ರಸ್ತೆ ಒಂದು ದಿಬ್ಬ ಹತ್ತಿ ಇಳಿಯುತ್ತಿತ್ತು. ಇಳಿಜಾರಿನ ನಡುವೆ ಎಡಕ್ಕೆ ತಿರುವು. ತಿಪ್ಪೇಸ್ವಾಮಿ ಜೋರಾಗಿ ಓಡಿಸುತ್ತಿರಲಿಲ್ಲ, ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಇಳಿಜಾರಿನಲ್ಲಿ ಮುಂದೆ ಹೋದದ್ದು ನನಗೆ ನೆನಪಿದೆ. ತಿಪ್ಪೇಸ್ವಾಮಿ ಸ್ಟೇರಿಂಗ್ ತಿರುಗಿಸಿದ್ದನ್ನೂ ನಾನು ನೋಡಿದೆ. ಗಾಡಿ ನೆಟ್ಟಗೇ ಹೋಯಿತು. ಅವನು ಇನ್ನಷ್ಟು ತಿರುಗಿಸಿ ಬ್ರೇಕ್ ಒತ್ತಿದ. ಹಿಂದಿನಿಂದ ಕಂಪ್ರೆಸರ್ ನಮ್ಮನ್ನು ನೂಕಿ, ಪಕ್ಕಕ್ಕೆ ಸರಿದು, ಪಿಕಪ್ಪನ್ನೂ ಎಳೆದುಕೊಂಡು ಹೊಲದ ಬದುವಿಗೆ ಮಗುಚಿತು. ಭಾವನ ಕೈ ಮುರಿಯಿತು. ತಿಪ್ಪೇಸ್ವಾಮಿಯ ಹಣೆ ಒಡೆಯಿತು. ನನ್ನ ಕನ್ನಡಕಕ್ಕೆ ಕೂಡ ಏನೂ ಆಗಲಿಲ್ಲ. ಇಬ್ಬರು ಆಳುಗಳು ಹೊಲಕ್ಕೆ ಹಾರಿ ಬಿದ್ದು ತರಚುಗಾಯಗಳಲ್ಲೇ ಪಾರಾದರು. ಪೀಪಾಯಿ ಕೆಂಚಪ್ಪನ ಎದೆಯ ಮೇಲೆ ಬಿದ್ದಿತ್ತು.

ಎಲ್ಲರೂ ಸೇರಿ ಪೀಪಾಯಿ ಉರುಳಿಸಿ, ಬಂದ ಬಸ್ಸನ್ನು ನಿಲ್ಲಿಸಿ, ಹಿಂದಿನ ಉದ್ದ ಸೀಟಿನ ಮೇಲೆ ಅವನನ್ನು ಮಲಗಿಸಿದೆವು. ಜನ ಎದ್ದು ಜಾಗ ಬಿಟ್ಟರು. ಕೆಂಚಪ್ಪ ಒಂದು ಸಲ ನೀರು ಕೇಳಿದ. ಹೊಸದುರ್ಗ ಇನ್ನೂ ದೂರವಿರುವಾಗಲೇ ಹೋಗಿಬಿಟ್ಟ. ಅವನ ತಲೆ ನನ್ನ ತೊಡೆಯ ಮೇಲಿತ್ತು.

ಪೊಲೀಸ್ ಠಾಣೆಯಲ್ಲಿ ಜಮಾದಾರರು ನನ್ನ ಮುಂದೆ ಕಾಗದ ಇಟ್ಟು, “ನೀವು ಮೇಷ್ಟ್ರು, ನಡೆದದ್ದು ನೀವೇ ಬರೀರಿ” ಎಂದರು. ಭಾವ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಪಕ್ಕದಲ್ಲಿ ನಿಂತಿದ್ದರು. ಮೆಲ್ಲಗೆ, “ಡ್ರೈವರ್ ಹತೋಟಿ ತಪ್ಪಿ ಅಂತ ಬರಿ. ಸುಳ್ಳೇನಲ್ವಲ್ಲ” ಎಂದರು. ಸುಳ್ಳಲ್ಲ ಎಂಬುದರಿಂದಲೇ ಬರೆಯುವುದು ಸುಲಭವಾಯಿತು. ‘ಚಾಲಕನ ಹತೋಟಿ ತಪ್ಪಿ ವಾಹನವು ಉರುಳಿತು.’ ದುಂಡಗಿನ ಅಕ್ಷರ, ವ್ಯಾಕರಣಶುದ್ಧ ವಾಕ್ಯ. ಅದರ ಬಲದ ಮೇಲೆ ತಿಪ್ಪೇಸ್ವಾಮಿಯ ಮೇಲೆ ಕೇಸಾಯಿತು.

ಗಾಡಿಯ ಅಂಕಿ ಬರೆದಿದ್ದ ನೋಟ್‌ಬುಕ್ ತೆಗೆದು ನೋಡಿದ್ದು ಹದಿನೈದು ದಿನಗಳಾದ ಮೇಲೆ. ಎರಡು ಗೆರೆಯ ಮೇಲೆ ಏಳೂವರೆ ಕ್ವಿಂಟಲ್ ಹಾಗೇ ಕೂತಿತ್ತು. ಬಾಷಾ ಸಾಬರು ಕಂಪ್ರೆಸರಿನ ಮೂತಿಯನ್ನು ತಕ್ಕಡಿಗೆ ಕಟ್ಟಿಸಿ ತೂಗಿಸಿಕೊಟ್ಟರು, ಎರಡೂವರೆ ಬಂತು. ಪೀಪಾಯಿ ಎರಡು. ರಾಡು, ಪೈಪು, ಸಾಮಾನು ಮೂರು. ಆರು ಜನ, ತಲೆಗೆ ಅರವತ್ತು ಕೇಜಿಯಂತೆ ಮೂರೂವರೆಗೆ ಮೇಲೆ. ಹನ್ನೊಂದು ದಾಟಿತು. ಸರಳ ಸಂಕಲನ. ಐದನೆಯ ತರಗತಿಯದು. ಸಾಬರು ನೋಡಿ, “ನಾನು ಹೇಳಿದ್ದೆ” ಎನ್ನಲಿಲ್ಲ. ಅಂದಿದ್ದರೆ ಅವರ ಮೇಲಾದರೂ ಸಿಟ್ಟು ಮಾಡಿಕೊಳ್ಳಬಹುದಿತ್ತು.

ಚಿತ್ರದುರ್ಗದ ಕೋರ್ಟಿನಿಂದ ಸಾಕ್ಷಿಗೆ ಕರೆ ಬಂತು. ಹಿಂದಿನ ದಿನ ಭಾವ ಹೇಳಿಕಳಿಸಿದರು, ಹೋದೆ. “ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಭಾರದ ಮಾತು ಎತ್ತಿದ್ರೆ ಕೇಸು ನನ್ ಮ್ಯಾಲೆ ತಿರುಗಿ ಕಂಪ್ರೆಸರೂ ಹೋಗ್ತೈತೆ, ನಿನ್ ಮರ್ಯಾದೇನೂ ಹೋಗ್ತೈತೆ” ಎಂದರು. ಅಕ್ಕ ಮಜ್ಜಿಗೆ ತಂದುಕೊಟ್ಟಳು. ನಾನು ಹೊರಡುವಾಗ ಬಾಗಿಲವರೆಗೆ ಬಂದು, “ತಿಪ್ಪೇಸ್ವಾಮಿ ಹೆಂಡ್ತಿ ಬಂದಿದ್ಲು. ನನ್ ಹತ್ರ ಏನೂ ಕೇಳ್ಲಿಲ್ಲ, ಸುಮ್ನೆ ಕುಂತಿದ್ದು ಹೋದ್ಲು” ಎಂದಳು. ಅಷ್ಟೇ ಹೇಳಿದ್ದು.

ಕೋರ್ಟಿನಲ್ಲಿ ನನ್ನ ಕೈಬರಹದ ಕಾಗದ ತೋರಿಸಿ ಇದು ನಿಮ್ಮದೇ ಎಂದು ಕೇಳಿದರು, ಹೌದೆಂದೆ. ಆಮೇಲೆ ತಿಪ್ಪೇಸ್ವಾಮಿಯ ಪರ ವಕೀಲರು ಎದ್ದರು. ಗಾಡಿಯಲ್ಲಿ ಎಷ್ಟು ಭಾರವಿತ್ತು ಎಂದು ಕೇಳಿದರು. ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಕಟಕಟೆಯಲ್ಲಿ ತಿಪ್ಪೇಸ್ವಾಮಿ ನನ್ನ ಕಡೆ ನೋಡದೆ ನೆಲ ನೋಡುತ್ತಿದ್ದ. ನಾನು ನೋಟ್‌ಬುಕ್ ತೆಗೆದು, ಮೂತಿಯಿಂದ ಹಿಡಿದು ಮನುಷ್ಯರವರೆಗೆ ಒಂದೊಂದಾಗಿ ಓದಿದೆ. ಸ್ಟೇರಿಂಗ್ ಹಗುರ ಎಂದು ಅವನು ಮೊದಲೇ ಹೇಳಿದ್ದನ್ನೂ, ನಾನು ಕೊಟ್ಟ ಉತ್ತರವನ್ನೂ ಹೇಳಿದೆ.

“ಈ ಗಾಡಿ ಆರಿಸಿದವರು ಯಾರು?”

“ನಾನು.”

“ನಿಮ್ಮ ಕೆಲಸ?”

“ಗಣಿತ ಕಲಿಸ್ತೀನಿ.”

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. “ಈ ಲೆಕ್ಕ ಮಾಡಿದ್ದು ಯಾವಾಗ? ಅಪಘಾತಕ್ಕೆ ಮುಂಚೆಯೋ, ಆಮೇಲೋ?”

“ಆಮೇಲೆ.”

ಯಾರೂ ನಗಲಿಲ್ಲ. ನಕ್ಕಿದ್ದರೆ ನಿಲ್ಲಲು ಸುಲಭವಾಗುತ್ತಿತ್ತು.

ಹೊರಗೆ ಹುಣಸೆಮರದ ಕೆಳಗೆ ಕೆಂಚಪ್ಪನ ಹೆಂಡತಿ ಮೈದುನನ ಜೊತೆ ಕೂತಿದ್ದಳು. ಒಳಗೆ ಬಂದು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ತಪ್ಪಿಸಿಕೊಂಡು ಹೋಗಬೇಕೆಂದಿದ್ದೆ. ಅವಳೇ ಎದ್ದು ಬಂದಳು.

“ಮೇಷ್ಟ್ರೇ, ಒಬ್ಬೊಬ್ರಿಗೆ ಅರವತ್ತು ಕೇಜಿ ಅಂತ ಹೇಳಿದ್ರಲ್ಲ. ನಮ್ಮನಿಯವ್ರು ಅಷ್ಟಿರ್ಲಿಲ್ಲ. ಸಣಕಲು ಆಳು. ಐವತ್ತೂ ಇರ್ಲಿಲ್ಲ.”

“ತಪ್ಪಾಯ್ತು ಕಣಮ್ಮ” ಎಂದೆ.

“ಹೂಂ” ಎಂದು ಸೆರಗು ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಮೈದುನ ಹಿಂದೆ ಹೋದ.

ತಿಪ್ಪೇಸ್ವಾಮಿ ಬಿಡುಗಡೆಯಾಗಿ ಭರಮಸಾಗರದಲ್ಲಿ ಯಾರದೋ ಟ್ರ್ಯಾಕ್ಟರ್ ಓಡಿಸಲು ಸೇರಿದ. ಭಾವ ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟರು. ಅಕ್ಕ ಮಾತ್ರ ಹಬ್ಬಕ್ಕೆ ಹೋಳಿಗೆ ಕಳಿಸುವುದನ್ನು ಬಿಡಲಿಲ್ಲ, ಯಾರ ಕೈಲಿ ಕಳಿಸಿದಳೆಂದು ಭಾವನಿಗೆ ತಿಳಿಯದ ಹಾಗೆ.

ಇನ್ನು ನನ್ನ ವಿಷಯ. ನನ್ನ ಮಾನ ಹೋಗುತ್ತದೆ ಎಂದು ಭಾವ ಹೆದರಿಸಿದ್ದರಲ್ಲ, ಆದದ್ದು ತಿರುಗುಮುರುಗು. ‘ಕೋರ್ಟಿನಾಗೆ ನಿಂತು ಲೆಕ್ಕ ಹೇಳಿದ ಮೇಷ್ಟ್ರು’ ಎಂದು ಸುತ್ತಲ ನಾಲ್ಕು ತಾಲೂಕಿಗೆ ಹೆಸರಾದೆ. ಟ್ರೈಲರ್ ಎಳೆಯಲು ಯಾವ ಜೀಪು, ನೀರಿನ ಟ್ಯಾಂಕರಿಗೆ ಯಾವ ಟ್ರ್ಯಾಕ್ಟರ್ ಎಂದು ಸಿರಿಗೆರೆಯಿಂದಲೂ ಜನ ಬಸ್ಸು ಹತ್ತಿ ಬರತೊಡಗಿದರು. ಬಾಷಾ ಸಾಬರ ಹತ್ತಿರ ಹೋಗಿ ಎಂದು ಕಳಿಸಿದರೆ, ಅವರು ಓದಿದವರಲ್ಲ ಎಂದು ತಿರುಗಿ ನನ್ನಲ್ಲಿಗೇ ಬರುತ್ತಿದ್ದರು. ಕೊನೆಗೆ ನಾನೊಂದು ಉಪಾಯ ಕಂಡುಕೊಂಡೆ. ಯಾರು ಯಾವ ಗಾಡಿಯ ಹೆಸರು ಹೇಳಿದರೂ ಕೂರಿಸಿ, ಕಾಫಿ ಕೊಟ್ಟು, ನೋಟ್‌ಬುಕ್ ತೆಗೆದು, ಬಹಳ ಹೊತ್ತು ಯೋಚಿಸಿದಂತೆ ಮಾಡಿ, ‘ಬೇಡ’ ಎನ್ನುತ್ತೇನೆ. ಹತ್ತು ಜನಕ್ಕೆ ಬೇಡ ಎಂದರೆ ಏಳೆಂಟು ಜನಕ್ಕೆ ತಪ್ಪು ಹೇಳಿರುತ್ತೇನೆ, ಅಷ್ಟು ಗಣಿತ ನನಗೂ ಬರುತ್ತದೆ. ಆದರೆ ಕೊಳ್ಳದ ಗಾಡಿ ಎಲ್ಲಿಯೂ ಉರುಳುವುದಿಲ್ಲ, ಸಾಕ್ಷಿಗೆ ಕರೆ ಬರುವುದಿಲ್ಲ. ಜನ ಕೈಮುಗಿದು, ಎಂಥ ವಿಚಾರವಂತರು ಎನ್ನುತ್ತ ಹೋಗುತ್ತಾರೆ. ನಾನು ಅದನ್ನೂ ಅಲ್ಲಗಳೆಯುವುದಿಲ್ಲ.