ಮುನೇಶ್ವರನ ಪಾದದಲ್ಲಿ ಪ್ಲಗ್ಗು

ಅಶ್ವತ್ಥಮ್ಮ ಗಂಡನ ಸ್ಕೂಟರಿನ ಪ್ಲಗ್ ಬಿಚ್ಚಿ ರಾಗಿ ಡಬ್ಬದಲ್ಲಿ ಹೂತಿಟ್ಟು ಮೂರು ದಿನವಾಗಿತ್ತು. ಹೆಸರು ಬರೆಸಿ ಆರು ವರ್ಷ ಕಾದು ಪಡೆದ ಗಾಡಿ ಅದು. ಹೂಡಿ ಊರಿಗೆಲ್ಲ ಗತ್ತಿನ ಗಾಡಿ. ಅದನ್ನು ಹನುಮಂತರಾಯಪ್ಪ ಹಿಂದಿನ ವಾರ ಸಾರಾಯಿ ಏರಿಸಿಕೊಂಡು ಬಂದು ರೈಲ್ವೆ ಗೇಟಿಗೆ ಗುದ್ದಿದ್ದ. "ಗೇಟು ಅಡ್ಡ ಬಂತು ಕಣೇ" ಎಂದು ತಪ್ಪನ್ನೆಲ್ಲ ಗೇಟಿನ ತಲೆಗೇ ಕಟ್ಟಿದ ಮಹಾನುಭಾವ! ಮುಂದಿನ ಸಲ ಗೇಟಿನ ಹಿಂದೆ ರೈಲಿದ್ದರೆ? ಆ ಯೋಚನೆ ಬಂದದ್ದೇ ಅವಳು ಪ್ಲಗ್ಗಿಗೆ ಕೈಹಾಕಿದ್ದಳು.

ಮೂರು ದಿನ ಕಿಕ್ ಹೊಡೆದು ಹೊಡೆದು ಸೋತು, ಕೊನೆಗೆ ಪ್ಲಗ್ಗೇ ಇಲ್ಲವೆಂದು ಕಂಡುಕೊಂಡ ಗಂಡ, ಭಾನುವಾರ ಬೆಳಿಗ್ಗೆ ನೆಟ್ಟಗಿದ್ದ ಹೊತ್ತಿನಲ್ಲಿ ರಾಜಿಗೆ ಬಂದ.

"ಪ್ಲಗ್ ಕೊಡೇ, ಕುಡಿಯೋದು ಬಿಟ್ಬಿಡ್ತೀನಿ."

ಗೋಡೆಗೆ ಕಿವಿ ಹಚ್ಚಿಯೇ ಹುಟ್ಟಿದ್ದ ಪಕ್ಕದ ಮನೆಯ ಪಿಳ್ಳಮ್ಮ ಓಡಿಬಂದಳು. "ಬಾಯ್ಮಾತು ನಂಬ್ಬೇಡ. ಮುನೇಶ್ವರನ ಮುಂದೆ ಕರ್ಪೂರ ಆರಿಸಿ ಆಣೆ ಮಾಡ್ಲಿ. ಆಣೆ ತಪ್ಪಿದ್ರೆ ಕಾಲೇ ಮುರೀತಾನೆ!"

ಎದುರುಮನೆ ಶ್ಯಾಮಣ್ಣ ಸುಮ್ಮನಿರುವ ಪ್ರಾಣಿಯೇ? "ಗಾಡೀಗೂ ಪೂಜೆ ಆಗ್ಲಿ" ಎಂದ. ಪಿಳ್ಳಮ್ಮ ಪಟ್ಟಿ ಹೇಳಿದಳು: ತೆಂಗಿನಕಾಯಿ, ನಿಂಬೆಹಣ್ಣು, ಚುಟ್ಟ, ಒಂದು ಬಾಟಲಿ ಸಾರಾಯಿ. "ಅದಿಲ್ದಿದ್ರೆ ಮುನೇಶ್ವರ ಕಣ್ಣೇ ಬಿಡಲ್ಲ."

ಹೀಗೆ ಗಂಡನ ಕುಡಿತ ಬಿಡಿಸಲು ಅಶ್ವತ್ಥಮ್ಮ ತಲೆತುಂಬ ಸೆರಗು ಹೊದ್ದು ಸಾರಾಯಿ ಅಂಗಡಿಗೆ ಹೋದಳು. ಅಂಗಡಿಯ ಗೋಪಾಲಪ್ಪ ಗೌರವದಿಂದ ಎದ್ದು ನಿಂತ.

"ಯಾಕಕ್ಕ ನೀನೇ ಬಂದೆ? ಅಣ್ಣಂಗೆ ಉಸಾರಿಲ್ವಾ?"

ಅವಳಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಬೀದಿಯವರೆಲ್ಲ ಸೇರಿ ಸ್ಕೂಟರನ್ನು ಗುಡಿಯವರೆಗೆ ತಳ್ಳಿದರು. ಪ್ಲಗ್ಗಿಗೆ ಅರಿಶಿನ ಕುಂಕುಮ ಹಚ್ಚಿ ಪೂಜಾರಿ ರಾಮಯ್ಯ ದೇವರ ಪಾದದಲ್ಲಿಟ್ಟ. ಹನುಮಂತರಾಯಪ್ಪ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ, "ಇನ್ಮೇಲೆ ಮುಟ್ಟಿದ್ರೆ ಕೇಳು ಸ್ವಾಮಿ" ಎಂದು ಗಳಗಳನೆ ಅತ್ತ. ಅಶ್ವತ್ಥಮ್ಮನಿಗೂ ಅಳು ಬಂತು. ಪೂಜಾರಿ ಪ್ಲಗ್ಗನ್ನು ಅವನ ಕೈಗಿತ್ತ. ಹಿಂದೆಯೇ ನೈವೇದ್ಯದ ಬಾಟಲಿಯನ್ನೂ ಚಾಚಿದ.

"ತಗೋಪ್ಪ, ಪ್ರಸಾದ."

"ಬ್ಯಾಡ ಸ್ವಾಮಿ, ಈಗ್ತಾನೆ ಆಣೆ ಮಾಡಿದೀನಿ!" ಹನುಮಂತರಾಯಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಪ್ರಸಾದ ಬ್ಯಾಡ ಅಂತಾರೇನಯ್ಯಾ? ಅದು ಮುನೇಶ್ವರನ ಎಂಜಲು. ಹರಕೆ ಹೊತ್ತೋನೇ ಮುಗಿಸ್ಬೇಕು, ಒಂದು ತೊಟ್ಟೂ ಉಳೀಬಾರ್ದು."

"ಕಾಲು ಮುರೀತಾನೆ!" ಎಂದಳು ಪಿಳ್ಳಮ್ಮ.

ಕಾಲಿನ ಮಾತು ಬಂದದ್ದೇ ಅಶ್ವತ್ಥಮ್ಮ ಗಂಡನಿಗೆ ಕೈಮುಗಿದಳು. "ತಗೊಂಡ್ಬಿಡ್ರೀ, ದೇವ್ರ ಜೊತೆ ಯಾಕೆ ಹಟ?"

ಹೆಂಡತಿಯೇ ಕೈಮುಗಿದ ಮೇಲೆ ಅವನು ತಾನೇ ಏನು ಮಾಡಿಯಾನು! ಬಾಟಲಿ ಬರಿದಾಯಿತು. ಪ್ಲಗ್ ಒಳಗೆ ಹೋಯಿತು. ಮೂರು ದಿನ ಮುನಿಸಿಕೊಂಡಿದ್ದ ಗಾಡಿ ಒಂದೇ ಕಿಕ್ಕಿಗೆ ಗುಡುಗಿತು.

"ಅಯ್ಯೋ, ಪ್ಲಗ್ ಕಿತ್ಕೊಳ್ರೋ!" ಅಶ್ವತ್ಥಮ್ಮ ಕೂಗಿದಳು.

"ದೇವ್ರು ಕೊಟ್ಟಿದ್ದನ್ನ ವಾಪಸ್ ಕೇಳ್ಬಾರ್ದಮ್ಮ" ಎಂದು ಪೂಜಾರಿ ಅಡ್ಡ ನಿಂತ.

"ಎಂಗೆ ವಾಲಾಡ್ತಾ ಓಯ್ತಾವ್ನೆ ನೋಡೇ!" ಪಿಳ್ಳಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಸ್ವಾಮಿ ಮೈಮೇಲೆ ಬಂದವ್ನೆ!"

ಮೈಮೇಲೆ ಬಂದ ಸ್ವಾಮಿ ನೇರವಾಗಿ ಶ್ಯಾಮಣ್ಣನ ಹುಲ್ಲಿನ ಮೆದೆಗೆ ನುಗ್ಗಿದ. ಅಶ್ವತ್ಥಮ್ಮ ಎದೆ ಬಡಿದುಕೊಂಡು ಓಡಿದಳು. ಹುಲ್ಲಿನೊಳಗಿಂದ ತಲೆ ಹೊರಬಂತು.

"ಮೆದೆ ಅಡ್ಡ ಬಂತು ಕಣೇ."

ಬದುಕಿದನಲ್ಲ! ಅವಳು ಪುಣ್ಯ ಎಂದೂ ಅಂದಳು, ಬಾಯಿಗೆ ಬಂದಂತೆ ಬೈದೂ ಬೈದಳು. ಅಷ್ಟರಲ್ಲಿ ಪೂಜಾರಿ ಏದುಸಿರು ಬಿಡುತ್ತ ಬಂದ.

"ಇದು ಒಂಬತ್ತು ವಾರದ ಹರಕೆ, ಇನ್ನೂ ಎಂಟು ಭಾನುವಾರ ಐತೆ ತಾಯಿ. ನಿಮ್ಮ ಕೈಯಾರೆ ತರ್ಬೇಕು. ಬಾಟ್ಲಿ ಮಾತ್ರ ಮರೀಬೇಡಿ."